ಸೆಟ್ ಎಂಬ ಒಂದು ಮಾತು

ಜನವರಿ ೯

ಅಪ್ಪಾ,

ಕೊನೆಗೂ ನನಗೆ ನನ್ನದೇ ಒಂದು ಪದ ಕೊಟ್ಟರು. ನಗಬಾರದು, ಪೂರ್ತಿ ಓದು.

ಈ ನಿಘಂಟಿನ ಕಚೇರಿಗೆ ಸೇರಿದಾಗಿನಿಂದ ಬೇರೆಯವರು ಬರೆದದ್ದರ ಕಾಗುಣಿತ ತಿದ್ದುವುದೇ ನನ್ನ ಕೆಲಸವಾಗಿತ್ತು. ನಿನ್ನೆ ಸಂಪಾದಕರು ಕರೆದು, ಇಂಗ್ಲಿಷಿನ ಒಂದು ಪದವನ್ನು ಇಡಿಯಾಗಿ ನನ್ನ ಕೈಗೇ ಒಪ್ಪಿಸಿದರು. ಅದಕ್ಕೆ ಏನೇನು ಅರ್ಥ, ಎಲ್ಲೆಲ್ಲಿ ಬಳಕೆ, ಒಂದೊಂದಕ್ಕೂ ಕನ್ನಡದಲ್ಲಿ ಯಾವ ಮಾತು ಹೊಂದುತ್ತದೆ, ಎಲ್ಲವನ್ನೂ ನಾನೇ ಬರೆಯಬೇಕು. ಪದ ಯಾವುದು ಅಂದುಕೊಂಡೆ? ಸೆಟ್. ಇಂಗ್ಲಿಷಿನಲ್ಲಿ ಮೂರೇ ಅಕ್ಷರ.

"ಇಷ್ಟೇನಾ ಸಾರ್?" ಅಂದುಬಿಟ್ಟೆ. ಪಕ್ಕದ ಮೇಜಿನ ಹಿರಿಯರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ತಾಯಿ, ಹೊಸಬರ ಜಂಬ ಇಳಿಸೋಕೆ ಅಂತ್ಲೇ ನಾವು ಇಟ್ಕೊಂಡಿರೋ ಪದ ಅದು" ಅಂದರು. ಸಂಜೆಯ ಹೊತ್ತಿಗೆ ನನ್ನ ಮೇಜಿನ ಮೇಲೆ ಚೀಟಿಗಳು ತುಂಬಿ, ಕಾಫಿ ಲೋಟ ಇಡಲು ಜಾಗವಿರಲಿಲ್ಲ. ಒಂದೊಂದು ಚೀಟಿಯಲ್ಲೂ ಒಂದೊಂದು ವಾಕ್ಯ, ಎಲ್ಲದರಲ್ಲೂ ಅದೇ ಪದ, ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಹಲ್ಲಿನ ಸೆಟ್ ಕಟ್ಟುವುದೇ ನಿನ್ನ ಕಸುಬು. ನಿನ್ನ ಕೋಣೆಯಲ್ಲಿ ಈ ಮಾತು ಎಲ್ಲೆಲ್ಲಿ ಓಡಾಡುತ್ತದೆ ಅಂತ ಬರೆದು ಕಳಿಸು. ಫೋನಿನಲ್ಲಿ ಹೇಳಿದರೆ ಆಗದು. ಫೋನಿನಲ್ಲಿ ಹೇಳಿದ್ದನ್ನೆಲ್ಲ ಮಾರನೆಯ ದಿನ "ನಾನೆಲ್ಲಿ ಹಾಗಂದೆ?" ಅನ್ನುತ್ತೀಯ. ನಮಗೆ ಕಾಗದದ ಮೇಲೆ ಸಾಕ್ಷಿ ಬೇಕು.

ನಿನ್ನ
ಮರಿ


ಜನವರಿ ೨೧

ಮರಿ,

ಕಾಗದ ಓದಿ ನಿಮ್ಮಮ್ಮನಿಗೆ ಹೇಳಿದೆ: "ನೋಡೇ, ನಿನ್ನ ಮಗಳಿಗೆ ಒಂದೇ ಒಂದು ಮಾತಿಗೆ ತಿಂಗಳ ಸಂಬಳ ಕೊಡ್ತಾರಂತೆ." ಅವಳು ತಲೆಯನ್ನೂ ಎತ್ತಲಿಲ್ಲ. "ನೀವು ಆಡಿದ ಮಾತಿಗೆಲ್ಲ ಯಾರಾದ್ರೂ ಸಂಬಳ ಕೊಟ್ಟಿದ್ರೆ ನಾವು ಅರಮನೆಲಿ ಇರ್ತಿದ್ವಿ" ಅಂದಳು. ಇದನ್ನೂ ಸಾಕ್ಷಿಯಾಗಿ ಇಟ್ಟುಕೋ.

ನೀನು ಕೇಳಿದ ಮೇಲೆಯೇ ಗಮನಿಸಿದೆ, ಈ ಮಾತು ಬೆಳಗಿನಿಂದ ಸಂಜೆಯ ತನಕ ನನ್ನ ನಾಲಿಗೆಯ ಮೇಲೇ ಮನೆ ಮಾಡಿದೆ. ಕೆಳಮಹಡಿಯ ಹಲ್ಲಿನ ಡಾಕ್ಟರಮ್ಮ ಬೊಚ್ಚುಬಾಯಿಯ ಅಚ್ಚು ತೆಗೆದು ಮೇಲಕ್ಕೆ ಕಳಿಸುತ್ತಾರೆ. ಅದರೊಳಗೆ ಪ್ಲಾಸ್ಟರ್ ಹೊಯ್ದರೆ ಸೆಟ್ ಆಗುತ್ತದೆ. ತಣ್ಣನೆಯ ಪುಡಿ, ತಣ್ಣನೆಯ ನೀರು; ಕಲಸಿಟ್ಟರೆ ಗಟ್ಟಿಯಾಗುತ್ತ ಆಗುತ್ತ ತಾನೇ ಬಿಸಿಯಾಗುತ್ತದೆ. ಇಷ್ಟು ವರ್ಷವಾದರೂ ಅದರ ಮೇಲೆ ಅಂಗೈಯಿಟ್ಟು ನೋಡದೆ ನನಗೆ ಸಮಾಧಾನವಿಲ್ಲ. ಆಮೇಲೆ ಮೇಣದ ಮೇಲೆ ಹಲ್ಲು ಒಂದೊಂದಾಗಿ ಸೆಟ್ ಮಾಡುವುದು. ಮೇಲಿನ ದವಡೆ ಕೆಳಗಿನದಕ್ಕೆ ಕೂರುವ ಹಾಗೆ ಹಿತ್ತಾಳೆಯ ಚೌಕಟ್ಟು ಸೆಟ್ ಮಾಡುವುದು. ಕೊನೆಗೆ ಗಿರಾಕಿ ಕೇಳುತ್ತಾರೆ, "ಬಾಯಿಗೆ ಸೆಟ್ ಆಗತ್ತಾ?" ಅಂತ. ಅದು ಆಗುವುದು ನನ್ನ ಕೈಯಲ್ಲಿಲ್ಲ, ಅವರ ನಾಲಿಗೆಯ ಕೈಯಲ್ಲಿದೆ.

ನನ್ನ ಪರೀಕ್ಷೆ ನಿನಗೆ ಗೊತ್ತೇ ಇದೆಯಲ್ಲ. ಹಲ್ಲು ಇನ್ನೂ ಮೇಣದಲ್ಲಿರುವಾಗಲೇ ಬಾಯಿಗಿಟ್ಟು "ಸಾಸಿವೆ, ಸೊಸೆ, ಸಂಸಾರ" ಅನ್ನಿಸುತ್ತೇನೆ. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ತಕ್ಕ ಅಂತರದಲ್ಲಿದ್ದರೆ ಮಾತ್ರ ಸಕಾರ ಶುದ್ಧವಾಗಿ ಹೊರಡುತ್ತದೆ. ಸಿಳ್ಳೆ ಬಂದರೆ ಮತ್ತೆ ಕೂರಬೇಕು. ಡಾಕ್ಟರಮ್ಮ ಅಳತೆಪಟ್ಟಿ ನಂಬುತ್ತಾರೆ, ನಾನು ಕಿವಿ ನಂಬುತ್ತೇನೆ, ಇಬ್ಬರ ಲೆಕ್ಕವೂ ಸಾಮಾನ್ಯವಾಗಿ ಒಂದೇ ಬರುತ್ತದೆ.

ನಿನ್ನ
ಅಪ್ಪ


ಫೆಬ್ರವರಿ ೪

ಅಪ್ಪಾ,

ನಿನ್ನ ಕಾಗದವನ್ನು ಕಚೇರಿಯಲ್ಲಿ ಜೋರಾಗಿ ಓದಿದೆ. ಬಿಸಿಯಾಗುವ ಪ್ಲಾಸ್ಟರಿನ ಹತ್ತಿರ ಬಂದಾಗ ಎಲ್ಲರೂ ಕೆಲಸ ನಿಲ್ಲಿಸಿ ಕೇಳಿದರು.

ಇಲ್ಲಿ ನನ್ನ ಸ್ಥಿತಿ ಕೇಳು. ಸೂರ್ಯ ಮುಳುಗುತ್ತಾನೆ. ಮುರಿದ ಮೂಳೆಯನ್ನು ಕೂಡಿಸುತ್ತಾರೆ. ಬಲೆ ಒಡ್ಡುತ್ತಾರೆ, ಬೆಂಕಿ ಹಚ್ಚುತ್ತಾರೆ, ಉಂಗುರಕ್ಕೆ ಹರಳು ಕೂರಿಸುತ್ತಾರೆ, ಕೋಳಿಯನ್ನು ಕಾವಿಗಿಡುತ್ತಾರೆ, ದಿನ ಗೊತ್ತುಮಾಡುತ್ತಾರೆ, ಪ್ರಯಾಣ ಹೊರಡುತ್ತಾರೆ, ಒಂದರ ಮೇಲೆ ಮನಸ್ಸು ನೆಡುತ್ತಾರೆ. ನಾವು ಒಂದೊಂದಕ್ಕೂ ಬೇರೆ ಬೇರೆ ಮಾತು ಹುಡುಕಿಟ್ಟುಕೊಂಡಿದ್ದೇವೆ. ಇಂಗ್ಲಿಷಿನವರು ಅಷ್ಟಕ್ಕೂ ಇದೊಂದನ್ನೇ ಕಳಿಸುತ್ತಾರೆ, ಅದು ಹೋಗಿ ಎಲ್ಲ ಕೆಲಸವನ್ನೂ ಮಾಡಿಕೊಂಡು ಬರುತ್ತದೆ. ನನಗೆ ಆಶ್ಚರ್ಯ ಅದಲ್ಲ ಅಪ್ಪಾ. ಅದನ್ನು ಕೇಳುವವರು ತಡವರಿಸುವುದೇ ಇಲ್ಲವಲ್ಲ! ಆ ದೇಶದ ಮೂರು ವರ್ಷದ ಮಗು ಕೂಡ ಮುಳುಗುವುದಕ್ಕೂ ಹಚ್ಚುವುದಕ್ಕೂ ಗೊಂದಲ ಮಾಡಿಕೊಳ್ಳುವುದಿಲ್ಲ. ಯಾರು ಕಲಿಸಿದರು ಅದಕ್ಕೆ?

ಇದನ್ನೇ ಹಿರಿಯರನ್ನು ಕೇಳಿದೆ. "ಪದದ ಹೊಟ್ಟೇಲಿ ಏನೂ ಇರಲ್ಲಮ್ಮ. ಅಕ್ಕಪಕ್ಕ ಯಾರು ಕೂತಿದಾರೆ ನೋಡು" ಅಂದರು. ಅಂದಿನಿಂದ ನಾನು ಪದ ನೋಡುವುದು ಬಿಟ್ಟು ಅದರ ನೆರೆಹೊರೆ ನೋಡುತ್ತಿದ್ದೇನೆ.

ನಮ್ಮ ಜನ ಈ ಮಾತನ್ನು ಹೇಗೆ ಆಡುತ್ತಾರೆ ಅನ್ನುವುದೂ ಬೇಕು. ಬೀದಿಯಲ್ಲಿ ಸಿಕ್ಕವರನ್ನೆಲ್ಲ ಕೇಳು. ಮಾತಾಡಿಸಲು ನಿನಗೊಂದು ನೆಪ ಸಿಕ್ಕಿತು, ಸಂತೋಷಪಡು.

ಮರಿ


ಫೆಬ್ರವರಿ ೧೬

ಮರಿ,

ನಿನ್ನಿಂದಾಗಿ ನನಗೆ ಬೀದಿಯಲ್ಲಿ ಹೊಸ ಹೆಸರು ಬಂದಿದೆ. ಕ್ಷೌರದವನು ನನ್ನನ್ನು ಕಂಡರೆ "ಬನ್ನಿ ಸೆಟ್ಟಪ್ಪ" ಅನ್ನುತ್ತಾನೆ. ಅವನಲ್ಲಿ ಕೂದಲು ಸೆಟ್ ಮಾಡುವುದು, ಮೀಸೆ ಸೆಟ್ ಮಾಡುವುದು. ಬಡಗಿ ತನ್ನ ಗರಗಸ ತೋರಿಸಿದ. ಅದರ ಒಂದು ಹಲ್ಲನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ಚೂರು ಬಗ್ಗಿಸಿರುತ್ತಾರೆ, ಇಲ್ಲದಿದ್ದರೆ ಮರದಲ್ಲಿ ಸಿಕ್ಕಿಬೀಳುತ್ತದೆ. ಅದೂ ಹಲ್ಲಿನ ಸೆಟ್ಟೇ! ನಾನೂ ಅವನೂ ಒಂದೇ ಕುಲದವರು ಅಂತ ಇಬ್ಬರೂ ಕೈಕುಲುಕಿದೆವು. ಮೂಲೆಯ ಅಂಗಡಿಯವಳ ಅಕ್ಕನಿಗೆ ಗಂಡು ಸೆಟ್ ಆಗಿದೆಯಂತೆ. ನಾಟಕದವರು ಅರಮನೆಯ ಸೆಟ್ ಹಾಕಿದ್ದಾರಂತೆ.

ನಿಮ್ಮಮ್ಮನ ದೂರು ಏನೆಂದರೆ, ಮೊನ್ನೆ ನಾನು ನಿದ್ದೆಯಲ್ಲೂ ಸೆಟ್ ಸೆಟ್ ಅಂದೆನಂತೆ. "ಒಂದು ಪದಕ್ಕೇ ಹೀಗಾದ್ರೆ, ಇಡೀ ನಿಘಂಟು ಮುಗಿಯೋ ಹೊತ್ತಿಗೆ ನನ್ನ ಗತಿ ಏನ್ರೀ?" ಅಂತ ಕೇಳುತ್ತಾಳೆ.

ನಾಳೆ ಸಂಜೆ ಗಾರೆಯವನನ್ನು ನೋಡುತ್ತೇನೆ. ಸಿಮೆಂಟಿನ ಬಗ್ಗೆ ಅವನು ಹೇಳುವುದು ಬಹಳ ಇದೆಯಂತೆ. ಮುಂದಿನ ಕಾಗದ ದಪ್ಪ ಇರುತ್ತದೆ, ಅಂಚೆಯವನಿಗೆ ಬಾಗಿಲು ಪೂರ್ತಿ ತೆಗೆ.

ನಿನ್ನ
ಸೆಟ್ಟಪ್ಪ


ಏಪ್ರಿಲ್ ೧೧

ಮರಿ,

ಕಾಗದ ಬರೆಯುವುದು ನಿಮ್ಮಪ್ಪನ ಇಲಾಖೆ. ನಾನು ಅಂಚೆಗೆ ಹಾಕುವವಳು. ಈಗ ಬರೆಯುವ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದೆ, ಇಲಾಖೆ ನನ್ನ ಪಾಲಿಗೆ ಬಂತು. ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದಲ್ಲೇ ಕೂತಿರುತ್ತಾರೆ. ಎದುರಿಗಿರುವವರ ಬಗ್ಗೆ, ಅವರಿಲ್ಲದ ಹಾಗೆ ಮಾತಾಡಲು ನನಗೆ ಬಾಯಿ ಬರುವುದಿಲ್ಲ.

ಆ ಸಂಜೆ ಗಾರೆಯವನ ಹತ್ತಿರ ಹೋಗಿ ಬಂದವರು ಬಾಗಿಲಲ್ಲೇ ಕುಸಿದರು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಬಲಗೈ ಬಲಗಾಲು ಸೋತಿದ್ದವು. ಮಾತೆಲ್ಲ ಹೋಗಿ ಬಾಯಲ್ಲಿ ಸೆಟ್ ಅನ್ನುವುದೊಂದೇ ಉಳಿದಿತ್ತು. ಅಲ್ಲಿಯ ತನಕ ನೀನೇ ಬಂದು, ಇದ್ದು, ನೋಡಿದ್ದೀಯ. ನೀನು ಹೋದ ಮೇಲಿನದನ್ನು ಬರೆಯುತ್ತೇನೆ.

ಈಗ ಕೋಲು ಹಿಡಿದು ಕಿಟಕಿಯ ತನಕ ನಡೆಯುತ್ತಾರೆ. ಎಡಗೈಯಲ್ಲಿ ಉಣ್ಣುತ್ತಾರೆ. ಮಾತು ಮಾತ್ರ ಅದೇ. ಆದರೆ ಅದೇ ಅಲ್ಲ ಮರಿ. ಕಾಫಿಗೆ ಸಕ್ಕರೆ ಕಮ್ಮಿಯಾದರೆ ಸೆಟ್ ಅನ್ನುವುದರಲ್ಲಿ ಒಂದು ಮೊಟಕು ಇರುತ್ತದೆ. ನಾನು ಪೇಪರಿನ ತಮಾಷೆಯ ಸುದ್ದಿ ಓದಿ ಹೇಳಿದರೆ ಅದು ಹೊಟ್ಟೆಯಿಂದ ಕುಲುಕುತ್ತ ಬರುತ್ತದೆ. ಮೊನ್ನೆ ನನ್ನ ಬೆನ್ನ ಹಿಂದೆ ಬೆಕ್ಕು ಹಾಲಿಗೆ ಬಾಯಿ ಹಾಕುತ್ತಿತ್ತು, ಇವರು ಸೆಟ್ ಅಂತ ಕೂಗಿದರು, ನಾನು ತಿರುಗಿ ನೋಡಿದ್ದು ಇವರನ್ನಲ್ಲ, ಹಾಲನ್ನು. ಹೇಗೆ ತಿಳಿಯಿತು ನನಗೆ?

ನಿಜ ಹೇಳುತ್ತೇನೆ, ಇವರು ಇಷ್ಟು ವರ್ಷ ಆಡಿದ್ದರಲ್ಲಿ ಅರ್ಧ ನಾನು ಕಿವಿಗೇ ಹಾಕಿಕೊಂಡಿಲ್ಲ. ಅಷ್ಟೊಂದು ಇತ್ತಲ್ಲ, ಹೋದರೆ ಹೋಗಲಿ ಅನ್ನಿಸುತ್ತಿತ್ತು. ಈಗ ಒಂದೇ ಇದೆ. ಅದನ್ನು ಕೇಳಲು ಒಲೆ ಆರಿಸಿ, ಕೈ ಒರೆಸಿಕೊಂಡು ಎದುರಿಗೆ ಬಂದು ನಿಲ್ಲುತ್ತೇನೆ.

ಅಮ್ಮ


ಏಪ್ರಿಲ್ ೨೫

ಅಮ್ಮಾ,

ನಿನ್ನ ಕಾಗದ ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ. ಬೆಳಿಗ್ಗೆ ಎದ್ದು ಅದನ್ನು ಇಲ್ಲಿಯ ಮಾತಿನ ಡಾಕ್ಟರಿಗೆ ತೋರಿಸಿದೆ. ಅವರು ಹೀಗೆ ಮಾತು ಕಳೆದುಕೊಂಡವರಿಗೇ ಮತ್ತೆ ಮಾತು ಕಲಿಸುವ ಒಂದು ಕೇಂದ್ರ ನಡೆಸುತ್ತಾರೆ, ಒಳ್ಳೆಯವರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಸಿಟ್ಟಾಗದೆ ಓದು.

"ಮನೆಯವರು ಪ್ರೀತಿಯಿಂದ ತಾವೇ ಅರ್ಥ ತುಂಬ್ತಾರೆ. ಅವರಿಗೆ ಎಷ್ಟು ತಿಳೀತಿದೆ, ನೀವೆಷ್ಟು ಊಹಿಸ್ತಿದೀರಿ ಅಂತ ಬೇರೆ ಮಾಡಿ ನೋಡ್ಬೇಕು. ನಾನು ಅವರನ್ನ ನೋಡದೆ ಏನೂ ಹೇಳಲ್ಲ" ಅಂದರು.

ನನಗೆ ನಿನ್ನನ್ನು ನಂಬುವ ಆಸೆ ಎಷ್ಟಿದೆಯೆಂದರೆ, ಆ ಆಸೆಯ ಮೇಲೇ ಅನುಮಾನ. ನೀನು ಕೇಳಿಸಿಕೊಳ್ಳುತ್ತಿರುವುದು ಅಪ್ಪನನ್ನೋ, ನಿನ್ನನ್ನೋ?

ಇನ್ನೊಂದನ್ನೂ ಕೇಳಿದೆ. ಅದೇ ಮಾತು ಯಾಕೆ ಉಳಿಯಿತು ಅಂತ. "ಖಚಿತವಾಗಿ ಗೊತ್ತಿಲ್ಲ. ಕೆಲವರಲ್ಲಿ ಆ ಗಳಿಗೇಲಿ ಮನಸ್ಸಲ್ಲಿ ಓಡ್ತಿದ್ದದ್ದೇ ಸಿಕ್ಕಿಹಾಕ್ಕೊಳುತ್ತೆ ಅಂತಾರೆ" ಅಂದರು. ಅಮ್ಮಾ, ಆ ಮಾತನ್ನು ಅಪ್ಪನ ಬಾಯಿಗೆ ತುರುಕಿದವಳು ನಾನು. ಬೀದಿ ಬೀದಿ ತಿರುಗಿಸಿದವಳು ನಾನು. ಕಚೇರಿಯಲ್ಲಿ ಚೀಟಿಗಳು ಹಾಗೇ ಬಿದ್ದಿವೆ. ಮುಟ್ಟಲು ಕೈ ಬರುತ್ತಿಲ್ಲ.

ಮರಿ


ಮೇ ೮

ಮರಿ,

ಸಿಟ್ಟು ಬಂತು. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ, ಆದ್ದರಿಂದ ಅಕ್ಷರ ನೆಟ್ಟಗಿದೆ.

ನಿನ್ನ ಡಾಕ್ಟರು ಹೇಳಿದ್ದರಲ್ಲಿ ಸ್ವಲ್ಪ ನಿಜವಿದೆ. ಒಂದು ವಾರದಿಂದ ಇವರು ನನ್ನ ಮುಖವನ್ನೇ ನೋಡುತ್ತ ಸೆಟ್, ಸೆಟ್ ಅನ್ನುತ್ತಿದ್ದರು. ಹಸಿವೆಯೆಂದು ಬಾಳೆಹಣ್ಣು ಕೊಟ್ಟೆ, ತಳ್ಳಿದರು. ನೀರು ಕೊಟ್ಟೆ. ಫ್ಯಾನ್ ಹಾಕಿದೆ. ಹಾಸಿಗೆ ಸರಿ ಮಾಡಿದೆ. ಕಡೆಗೆ ಎಡಗೈ ಬೆರಳಿಂದ ತಮ್ಮ ಹಲ್ಲನ್ನು ಟಕಟಕ ಬಡಿದು, ಅದೇ ಬೆರಳನ್ನು ನನ್ನ ಬಾಯಿಯ ಕಡೆ ಚಾಚಿದರು.

ಆಸ್ಪತ್ರೆಯಲ್ಲಿದ್ದಾಗ ನನ್ನ ಮೇಲಿನ ಹಲ್ಲಿನ ಸೆಟ್ ಕೈಜಾರಿ ಬೇಸಿನ್ನಿಗೆ ಬಿದ್ದು ಸೀಳಿತ್ತು. ಅಂಟು ಹಾಕಿಕೊಂಡು, ಕೈ ಅಡ್ಡ ಹಿಡಿದು ಮಾತಾಡುತ್ತಿದ್ದೆ. ಯಾರಿಗೂ ಕಾಣಲಿಲ್ಲ. ನೀನೂ ಅಷ್ಟು ದಿನ ಜೊತೆಗಿದ್ದೆ. ದೂರಲು ಹೇಳುತ್ತಿಲ್ಲ, ಆಗ ನಮಗೆ ನೋಡಲು ಬೇರೆ ಇತ್ತು. ಇವರಿಗೆ ಮಾತ್ರ ಕಂಡಿತ್ತು, ಇವರು ಅದನ್ನೇ ಹೇಳುತ್ತಿದ್ದರು. ನಾನು ಬಾಳೆಹಣ್ಣು ಕೊಡುತ್ತಿದ್ದೆ.

ಊಹಿಸುವವಳು ನಾನೇ ಆಗಿದ್ದರೆ, ನನಗೆ ಹೊಳೆಯದೇ ಇದ್ದದ್ದನ್ನು ಇವರು ಹೇಗೆ ತಿಳಿಸಿದರು? ಇದನ್ನು ನಿನ್ನ ಡಾಕ್ಟರನ್ನು ಕೇಳು.

"ಬೇರೆಯವರ ಹತ್ರ ಹೊಸದು ಕಟ್ಟಿಸ್ಕೊಳ್ತೀನಿ ಬಿಡಿ" ಅಂದೆ. ಎಡಗೈಯಿಂದ ಮೇಜು ಗುದ್ದಿದರು, ತಾವೇ ಕಟ್ಟಬೇಕಂತೆ. ಡಾಕ್ಟರಮ್ಮ ನಿನ್ನೆ ನನ್ನ ಬಾಯಿಯ ಅಚ್ಚು ತೆಗೆದಿದ್ದಾರೆ.

ಅಮ್ಮ


ಮೇ ೧೪

ಅಮ್ಮಾ,

ಅಪ್ಪನ ಕೈಗೆ ಮೇಣ ಕರಗಿಸುವ ಆ ಬಿಸಿ ಚಾಕು ಕೊಡುವ ಹಾಗಿಲ್ಲ. ಕೊಡುವ ಹಾಗೇ ಇಲ್ಲ. ಮಿಕ್ಕದ್ದು ಆಮೇಲೆ ಬರೆಯುತ್ತೇನೆ.

ಮರಿ


ಮೇ ೩೦

ಮರಿ,

ಬಿಸಿ ಚಾಕು ನನ್ನ ಕೈಯಲ್ಲಿತ್ತು, ಸಮಾಧಾನವಾಯಿತೇ? ಇಷ್ಟು ವರ್ಷ ಆ ಕೋಣೆಗೆ ಕಾಫಿ ಕೊಟ್ಟು ಬಂದವಳು, ಮೊದಲ ಸಲ ಕೆಲಸದ ಸ್ಟೂಲಿನ ಮೇಲೆ ಕೂತೆ. ಇವರು ಪಕ್ಕದ ಕುರ್ಚಿಯಲ್ಲಿ.

ಸ್ಪಿರಿಟ್ ದೀಪದಲ್ಲಿ ಚಾಕು ಕಾಯಿಸಿ ಮೇಣ ಕರಗಿಸುವುದು, ಒಂದು ಹಲ್ಲು ಊರುವುದು. ಇವರು ಸೆಟ್ ಎಂದು ದನಿ ಮೇಲಕ್ಕೆಳೆದರೆ ಇನ್ನೂ ಚೂರು ಹೊರಗೆ. ದನಿಯನ್ನು ಚಿಕ್ಕದಾಗಿ ಕತ್ತರಿಸಿದರೆ ಅಲ್ಲೇ ನಿಲ್ಲಿಸು. ಎರಡು ಸಲ ಬೇಗ ಬೇಗ ಅಂದರೆ ನನ್ನ ತಲೆಗೆ ಏನೂ ಹತ್ತಿಲ್ಲ, ತೆಗೆದು ಮೊದಲಿಂದ ಮಾಡು. ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ. ತಪ್ಪು ಮಾಡಿದಾಗ ಬೈಸಿಕೊಂಡು ಕಲಿತದ್ದು. ಒಂದು ಕೋರೆಹಲ್ಲನ್ನು ಎಷ್ಟು ಸಲ ತೆಗೆಸಿದರೆಂದರೆ, ನಾನು ಚಾಕು ಕೆಳಗಿಟ್ಟು "ನೀವೇ ಮಾಡ್ಕೊಳ್ಳಿ, ನಂಗೇನು ಬೊಚ್ಚುಬಾಯೇ ಚೆನ್ನ" ಎಂದು ಎದ್ದೆ. ಆಗ ಅಂದರಲ್ಲ ಒಂದು ಸೆಟ್, ಎಷ್ಟು ಮೆತ್ತಗೆ! ಮದುವೆಯಾದ ಹೊಸತರಲ್ಲೂ ಇವರು ನನ್ನನ್ನು ಹಾಗೆ ರಮಿಸಿದ ನೆನಪಿಲ್ಲ. ಮತ್ತೆ ಕೂತೆ.

ಎಲ್ಲ ಹಲ್ಲೂ ಮೇಣದಲ್ಲಿ ನಿಂತ ಮೇಲೆ ಬಾಯಿಗಿಟ್ಟುಕೊಂಡು ಇವರೆದುರು ನಿಂತೆ. ಏನು ಹೇಳಬೇಕೆಂದು ನನಗೆ ಗೊತ್ತಲ್ಲ. ಸಾಸಿವೆ, ಸೊಸೆ, ಸಂಸಾರ. ಇವರು ಕಣ್ಣು ಮುಚ್ಚಿಕೊಂಡು ಕೇಳಿದರು. ನನಗೆ ಸರಿಯಾಗೇ ಕೇಳಿಸಿತು. ಇವರು ತಲೆಯಾಡಿಸಿದರು. ಮತ್ತೆ ಹೇಳಿಸಿದರು, ಮತ್ತೆ ತಲೆಯಾಡಿಸಿದರು. ಮುಂದಿನ ಎಡಹಲ್ಲನ್ನು ತೋರಿಸಿ, ಹೆಬ್ಬೆರಳು ತೋರುಬೆರಳು ಹತ್ತಿರ ತಂದು, ನಡುವೆ ಬೆಳಕೂ ನುಸುಳದಷ್ಟು ಸಂದು ಹಿಡಿದರು. ಅಷ್ಟೇ ಒಳಗೆ ಸರಿಸಿದೆ. ಮತ್ತೆ ಹೇಳಿದೆ. ಆಗ ನನಗೂ ತಿಳಿಯಿತು, ಮೊದಲು ಒಂದು ಸಣ್ಣ ಸಿಳ್ಳೆ ಇತ್ತು, ಈಗ ಇಲ್ಲ. ಡಾಕ್ಟರಮ್ಮ ಬಂದು ನೋಡಿ, ಕೈ ಹಚ್ಚುವುದಕ್ಕೆ ಏನೂ ಉಳಿದಿಲ್ಲ ಎಂದರು.

ಸಾಸಿವೆ ಅನ್ನಲು ಇವರಿಂದ ಆಗದು. ಸೊಸೆ ಅನ್ನಲೂ ಆಗದು. ಆದರೆ ಅವು ಹೇಗೆ ಹೊರಡಬೇಕು ಎನ್ನುವುದು ಕೂದಲೆಳೆ ಹೆಚ್ಚುಕಮ್ಮಿಯಾಗದೆ ಒಳಗಿದೆ. ಮಾತು ಎಲ್ಲಿಗೂ ಹೋಗಿಲ್ಲ ಮರಿ. ಒಳಗೆ ಎಲ್ಲ ಇದೆ, ಬಾಗಿಲು ಒಂದೇ ಇದೆ. ಇಷ್ಟು ದೊಡ್ಡ ಮನುಷ್ಯ ಅಷ್ಟು ಚಿಕ್ಕ ಬಾಗಿಲಿಂದ ದಿನವೂ ಹೊರಗೆ ಬಂದು ಹೋಗುತ್ತಿರುವುದನ್ನು ನೋಡಿ ನನಗೆ ಆವತ್ತು ಕೈಮುಗಿಯಬೇಕೆನ್ನಿಸಿತು.

ಅಮ್ಮ


ಜೂನ್ ೧೦

ಅಪ್ಪಾ,

ಇದು ನಿನಗೇ. ಅಮ್ಮ ಓದಿ ಹೇಳುತ್ತಾಳೆ, ಆದರೆ ನಾನು ಕೇಳುತ್ತಿರುವುದು ನಿನ್ನನ್ನು.

ಅಮ್ಮನ ಕಾಗದವನ್ನು ಕಚೇರಿಯ ಮೆಟ್ಟಿಲ ಮೇಲೇ ಓದಿದೆ. ಮಾತಿನ ಡಾಕ್ಟರಿಗೂ ಓದಿದೆ. ಅವರು "ಕರ್ಕೊಂಡು ಬನ್ನಿ. ಇಷ್ಟು ಉಳಿದಿದ್ರೆ ಇನ್ನಷ್ಟು ತರಬಹುದು" ಅಂದರು. ಅನುಮಾನ ಪಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ ಅಪ್ಪಾ, ನೀನೂ ಕಿವಿಯಿಂದ ಪರೀಕ್ಷೆ ಮಾಡದೆ ಯಾವ ಸೆಟ್ಟನ್ನೂ ಕೊಟ್ಟವನಲ್ಲ.

ಕೇಂದ್ರದ ಪಕ್ಕದಲ್ಲೇ ನೆಲಮಹಡಿಯ ಮನೆ ಸಿಗುತ್ತದೆ. ನೀನೂ ಅಮ್ಮನೂ ಬಂದು ನನ್ನ ಜೊತೆ ಇರಿ. ದಿನವೂ ಪಾಠ. ಒಂದು ವರ್ಷ ಹಿಡಿಯಬಹುದು. ನಿನ್ನ ಕೆಲಸದ ಕೋಣೆಯನ್ನು ಬಿಟ್ಟುಕೊಡಬೇಕಾಗುತ್ತದೆ. ಅದು ದೊಡ್ಡ ವಿಷಯ ಅಂತ ನನಗೆ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ. ಬರುತ್ತೀಯಾ?

ಆ ಮಾತನ್ನು ನಿನ್ನೊಳಗೆ ಇಟ್ಟವಳು ನಾನೇ ಅನ್ನುವುದು ಮನಸ್ಸಿಂದ ಹೋಗುತ್ತಿಲ್ಲ. ಅದನ್ನು ನಾನೇ ತೆಗೆಸಬೇಕು ಅನ್ನಿಸುತ್ತದೆ.

ನಿನ್ನ
ಮರಿ


ಜೂನ್ ೨೨

ಮರಿ,

ಓದಿದೆ. ಒಂದಕ್ಷರ ಬಿಡದೆ, ನಿಧಾನವಾಗಿ, ಹೊಸ ಹಲ್ಲಿನಲ್ಲಿ ಸ್ಪಷ್ಟವಾಗಿ ಓದಿದೆ. "ಬರುತ್ತೀಯಾ" ಅನ್ನುವಲ್ಲಿ ನಿಲ್ಲಿಸಿ ಮುಖ ನೋಡಿದೆ. ಕಿಟಕಿಯ ಕಡೆ ತಿರುಗಿ, ಸೆಟ್ ಅಂದರು.

ಇದಕ್ಕೆ ಏನು ಅರ್ಥ ಅಂತ ನನಗೆ ತಿಳಿಯಲಿಲ್ಲ.

ದನಿ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಮೂರು ಸಂಜೆ ಕೇಳಿದೆ. ಮೂರು ಸಂಜೆಯೂ ಅಷ್ಟೇ. ಹೂಂ ಅಂದರು ಎಂದು ನಾನು ಬರೆಯಬಹುದಿತ್ತು. ಒಲ್ಲೆ ಅಂದರು ಎಂದೂ ಬರೆಯಬಹುದಿತ್ತು, ನಿನಗೆ ಹೇಗೆ ತಿಳಿಯಬೇಕು? ನನಗಂತೂ ಈ ಮನೆ ಬಿಟ್ಟು ಬರಲು ಇಷ್ಟವಿಲ್ಲ. ಅದಕ್ಕೇ ಈ ಒಂದು ವಿಷಯದಲ್ಲಿ ನನ್ನ ಕಿವಿಯನ್ನು ನಾನೇ ನಂಬುವುದಿಲ್ಲ. ಇವರ ಬದುಕಿನ ವಿಷಯ ಇದು. ಇವರ ಬಾಯಿಂದ ಬಂದರೆ ಬರಬೇಕು, ನನ್ನ ಬಾಯಿಂದ ಬರಬಾರದು.

ಇವರೂ ನನ್ನನ್ನೇ ನೋಡುತ್ತಾರೆ, ತಿಳಿಯಲಿಲ್ಲವೇ ಅನ್ನುವ ಹಾಗೆ. ಬಹಳ ಸಂಕಟವಾಗುತ್ತದೆ.

ಅಮ್ಮ


ಜುಲೈ ೧

ಅಮ್ಮಾ,

ಯಾರಾದರೂ ಒಬ್ಬರು ತೀರ್ಮಾನ ಮಾಡಲೇಬೇಕು. ನಾನು ಮಾಡಿದ್ದೇನೆ. ತಡವಾದಷ್ಟೂ ಮಾತು ಮರಳುವುದು ಕಷ್ಟ ಅನ್ನುತ್ತಾರೆ. ತಪ್ಪಾದರೆ ಅದು ನನ್ನ ತಲೆಯ ಮೇಲಿರಲಿ. ಹದಿನೆಂಟಕ್ಕೆ ವ್ಯಾನ್ ತರುತ್ತೇನೆ. ಕೋಣೆಯ ಸಾಮಾನು ಕಟ್ಟಿಡು. ಯಂತ್ರಗಳನ್ನು ಡಾಕ್ಟರಮ್ಮ ತಮ್ಮಲ್ಲಿ ಇಟ್ಟುಕೊಳ್ಳುತ್ತಾರಂತೆ, ಮಾತಾಡಿದ್ದೇನೆ.

ಅಪ್ಪನಿಗೆ ಇದನ್ನೂ ಓದಿ ಹೇಳು.

ಮರಿ


ಜುಲೈ ೧೧

ಮರಿ,

ನೀನು ಹೇಳಿದಂತೆ ಓದಿ ಹೇಳಿದೆ. ಸುಮ್ಮನೆ ಕೇಳಿಕೊಂಡರು. ಕಟ್ಟಲು ಶುರು ಮಾಡಿದೆ.

ಹಿತ್ತಾಳೆಯ ಚೌಕಟ್ಟುಗಳನ್ನು ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ಹಾಕಿದೆ. ಹಲ್ಲಿನ ಪಟ್ಟಿಗಳು, ಮೇಣ, ಬಟ್ಟಲು, ಒಂದೊಂದಾಗಿ ಹೋದವು. ಇವರು ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೊನೆಗೆ ಹೊಳಪು ಕೊಡುವ ಯಂತ್ರ ಉಳಿಯಿತು. ಬಗ್ಗಿ ಅದರ ಪ್ಲಗ್ ಕಿತ್ತೆ.

"ಬೇಡ."

ಬೆನ್ನ ಹಿಂದೆ ಯಾರೋ ಬಂದು ನಿಂತರೆಂದುಕೊಂಡೆ. ತಿರುಗಿದರೆ ಯಾರೂ ಇಲ್ಲ, ಇವರೇ. ಎಡಗೈ ಬಾಯಿಯ ಮೇಲಿತ್ತು. ನನಗಿಂತ ಹೆಚ್ಚು ಬೆಚ್ಚಿದವರು ಇವರು.

"ಏನಂದ್ರಿ?" ಅಂದೆ. ತುಟಿ ಬಹಳ ಹೊತ್ತು ಒದ್ದಾಡಿತು. ಸೆಟ್ ಬಂತು. ತಲೆ ಕೊಡವಿದರು, ಮತ್ತೆ ಸೆಟ್ ಬಂತು. ಕಣ್ಣಲ್ಲಿ ನೀರು ತುಂಬಿತು. ನಾನು ಪ್ಲಗ್ ಹಿಡಿದುಕೊಂಡು ನೆಲದ ಮೇಲೇ ಕೂತಿದ್ದೆ. ಆಮೇಲೆ ಬಂತು, ದೂರದಿಂದ ಎಳೆದು ತಂದ ಹಾಗೆ, ಪೂರ್ತಿಯಾಗಿ: "ಬೇಡ."

ಇದಕ್ಕೆ ನಾನು ಅರ್ಥ ಬಿಡಿಸುವ ಅಗತ್ಯವಿಲ್ಲ. ನಿನ್ನ ವ್ಯಾನಿಗೆ ಹೇಳಿದ ಮಾತು ಅದು. ಅಷ್ಟು ದಿನ ಇವರಲ್ಲಿ ಎಲ್ಲ ಇತ್ತು ಮರಿ, ಇದೊಂದನ್ನು ಹೇಳುವ ದಾರಿ ಇರಲಿಲ್ಲ. ನಾವು ಕೂರಿಸಿದಲ್ಲಿ ಕೂತರು, ಕೊಟ್ಟದ್ದು ತಿಂದರು. ಈಗ ಎರಡು ದಿನದಿಂದ ಮನೆಯಲ್ಲಿ ಬೇರೆ ಸದ್ದೇ ಇಲ್ಲ. ಸ್ನಾನ ಬೇಡ, ಗುಳಿಗೆ ಬೇಡ, ಕಾಫಿ ಬೇಡ. ಕಾಫಿ ವಾಪಸ್ಸು ಒಯ್ಯಹೋದರೆ ಲೋಟಕ್ಕೆ ಕೈ ಚಾಚುತ್ತಾರೆ! ಸುಮ್ಮನೆ ಅಂದು ನೋಡುವುದು, ಅಂದು ನಗುವುದು. ನನಗೂ ಅತ್ತು ಅತ್ತು ನಗು.

ನಿನ್ನೆ ಸಂಜೆ ನಾನು ಇನ್ನೊಂದು ಮಾತು ಹೇಳಿದೆ. "ಆ ಪದ ನಿಮ್ಮ ಬಾಯಿಗೆ ಹಾಕಿದ್ದು ತಾನೇ ಅಂತ ಮರಿ ಒಳಗೊಳಗೇ ಕೊರಗ್ತಿದಾಳೆ ಕಣ್ರೀ" ಅಂದೆ. ನಗು ನಿಂತಿತು. ನಿನ್ನ ಕಾಗದ ನನ್ನ ಮಡಿಲಲ್ಲಿತ್ತು. ಅದರ ಮೇಲೆ ಅಂಗೈಯಿಟ್ಟರು. ಹೊರಡದ ಮಾತಿಗಾಗಿ ಬಹಳ ಹೊತ್ತು ಹೆಣಗಿದರು, ನಾನು ಕಾದೆ. ಕಡೆಗೆ ಮೆಲ್ಲಗೆ, ನೀನು ಚಿಕ್ಕವಳಿದ್ದಾಗ ಬಿದ್ದು ಅಳುತ್ತ ಬಂದರೆ ಹೇಳುತ್ತಿದ್ದರಲ್ಲ ಆ ದನಿಯಲ್ಲಿ ಅಂದರು:

"ಬೇಡ."

ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದೇನೆ.

ಅಮ್ಮ


ಜುಲೈ ೧೪

ಅಪ್ಪಾ,

ಕಾಗದ ಕೈಲಿ ಹಿಡಿದುಕೊಂಡೇ ಓಡಿ ಮಾತಿನ ಡಾಕ್ಟರಿಗೆ ಹೇಳಿದೆ. ಅವರು ಎದ್ದು ನಿಂತರು. "ಹಾಗಾದ್ರೆ ಅಲ್ಲೇ ಇರಲಿ. ತಿಂಗಳಿಗೊಂದು ಸಲ ನಾನೇ ಬರ್ತೀನಿ, ಪಾಠ ನಿಮ್ಮಮ್ಮ ಮಾಡ್ಲಿ" ಅಂದರು. ವ್ಯಾನಿನವನಿಗೆ ಬರಬಾರದೆಂದು ಹೇಳಿದೆ. ಅವನು ಬೈದ. ಬೈಸಿಕೊಂಡೆ, ಎಷ್ಟು ಸಂತೋಷವಾಯಿತೆಂದು ಹೇಗೆ ಹೇಳಲಿ. ನನ್ನ ಮಾತನ್ನು ಇಷ್ಟು ಚೆನ್ನಾಗಿ ಈವರೆಗೆ ಯಾರೂ ತಳ್ಳಿಹಾಕಿರಲಿಲ್ಲ.

ಅಮ್ಮ ಬರೆದ ಕೊನೆಯ ಆ ಮಾತನ್ನು ಮಾತ್ರ ಯಾರಿಗೂ ತೋರಿಸಿಲ್ಲ. ಅದು ನನ್ನ ಹತ್ತಿರ ಇರಲಿ.

ಕಟ್ಟಿಟ್ಟ ಸಾಮಾನೆಲ್ಲ ಬಿಚ್ಚಬೇಕಲ್ಲ, ಹದಿನೆಂಟಕ್ಕೆ ನಾನೊಬ್ಬಳೇ ಬರುತ್ತೇನೆ. ಬಂದು ಬಾಗಿಲಲ್ಲಿ ನಿಂತು, ಒಳಗೆ ಬರಲಾ ಅಂತ ಕೇಳುತ್ತೇನೆ. ಬೇಡ ಅನ್ನು. ನಿನ್ನ ಬಾಯಿಂದಲೇ ಕೇಳಬೇಕು, ಎಷ್ಟು ಸಲ ಅಂದರೂ ಅಲ್ಲೇ ನಿಂತಿರುತ್ತೇನೆ.

ನಿನ್ನ
ಮರಿ